ನಾಲೆಯಾಚೆ ಬಿಟ್ಟುಬಂದ ಬೆಕ್ಕು

(ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದ ಆವರಣದಲ್ಲಿ ನಿವೃತ್ತ ಪಶುವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ನಮ್ಮ ಸೀಮೆಯಲ್ಲಿ ಬೆಕ್ಕನ್ನು ಕೊಲ್ಲುವವರು ಕಡಿಮೆ. ಬೆಕ್ಕು ಕೊಂದ ಪಾಪ ಕಾಶಿಗೆ ಹೋದರೂ ಕಳೆಯದು ಎಂಬ ಮಾತನ್ನು ಅಜ್ಜಿಯ ಬಾಯಲ್ಲಿ ಕೇಳಿಕೊಂಡೇ ಬೆಳೆದವನು ನಾನು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಬಹಳ ಮಂದಿ ಅದನ್ನು ಕೇಳಿಯೇ ಇರುತ್ತೀರಿ. ಹಾಗಾಗಿ ಸೌದೆ ಒಟ್ಟಿದ ಮೂಲೆಯಲ್ಲಿ ಬೆಕ್ಕು ನಾಲ್ಕು ಮರಿ ಹಾಕಿದಾಗ ನಾವು ಅವುಗಳ ಜೀವಕ್ಕೆ ಕೈ ಹಾಕುವುದಿಲ್ಲ. ಮರಿಗಳು ಓಡಾಡತೊಡಗಿ, ಹಾಲಿನ ಪಾತ್ರೆಗೆ ಬಾಯಿ ಹಾಕುವ ಹೊತ್ತಿಗೆ ಅವನ್ನು ಬೂಸಾದ ಖಾಲಿ ಚೀಲಕ್ಕೆ ತುಂಬಿ, ಬಾಯಿಗೆ ಹುರಿ ಕಟ್ಟಿ, ಟಿವಿಎಸ್ ಗಾಡಿಯ ಮುಂದಿಟ್ಟುಕೊಂಡು ನಾಲೆ ದಾಟಿಸಿ, ಪಕ್ಕದೂರಿನ ಆಲೆಮನೆಯ ಹಿಂದೆಯೋ ಸಂತೆ ಮೈದಾನದ ಕೋಳಿ ಅಂಗಡಿಯ ಬಳಿಯೋ ಬಿಚ್ಚಿ ಬಿಟ್ಟುಬರುತ್ತೇವೆ. ಕೊಂದ ಪಾಪ ತಟ್ಟಲಿಲ್ಲ, ಮನೆಯ ಕಾಟವೂ ಕಳೆಯಿತು. ಆ ಊರಿನವರೂ ನಮ್ಮಂತೆಯೇ ಪಾಪಭೀರುಗಳಾದ್ದರಿಂದ ಅವರ ಚೀಲ ನಮ್ಮೂರಿನ ಕಡೆಗೆ ಬರುತ್ತದೆ.

ಕೋಳಿಪಿಳ್ಳೆ ಹೊತ್ತೊಯ್ಯುವ, ಹುಲ್ಲಿನ ಮೆದೆಯಲ್ಲಿ ಗಲೀಜು ಮಾಡುವ, ರಾತ್ರಿಯೆಲ್ಲ ಕೂಗಿ ಜಗಳವಾಡುವ ಬೆಕ್ಕುಗಳ ಕಾಟಕ್ಕೆ ಏನಾದರೂ ದಾರಿ ಹೇಳಿ ಎಂದು ನೀವು ನನ್ನನ್ನು ಕರೆದಿದ್ದೀರಿ. ದಾರಿ ಹೇಳುತ್ತೇನೆ. ಆದರೆ ಆ ಬೆಕ್ಕುಗಳಲ್ಲಿ ಹೆಚ್ಚಿನವು ಎಲ್ಲಿಂದಲೋ ಬಂದವಲ್ಲ, ಈ ಚೀಲದೊಳಗಿಂದ ಬಂದವು ಎಂಬುದನ್ನು ಒಪ್ಪಿಕೊಳ್ಳದೆ ಮುಂದಿನ ಯಾವ ಮಾತೂ ನಿಲ್ಲುವುದಿಲ್ಲ.

ಮೊದಲು ಯಾವುದನ್ನು ಏನೆಂದು ಕರೆಯಬೇಕೆಂಬುದು ಸ್ಪಷ್ಟವಾಗಬೇಕು. ನಾವು ಸಲೀಸಾಗಿ ‘ಕಾಡುಬೆಕ್ಕು’ ಎಂದುಬಿಡುತ್ತೇವೆ. ನಿಜವಾದ ಕಾಡುಬೆಕ್ಕು ಬೇರೆಯೇ ಜಾತಿ. ಅದು ಕಬ್ಬಿನ ಗದ್ದೆಯಲ್ಲಿ, ಕೆರೆಯಂಚಿನ ಜೊಂಡಿನಲ್ಲಿ ಇರುತ್ತದೆ. ಕಾಲು ಉದ್ದ, ಬಾಲ ಮೋಟು, ಬಾಲದ ತುದಿಯಲ್ಲಿ ಕಪ್ಪು ಬಳೆಗಳು, ಕಿವಿಯ ತುದಿಯಲ್ಲಿ ಸಣ್ಣ ಕೂದಲಿನ ಕುಚ್ಚು. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿಯುವುದು, ಕೊಲ್ಲುವುದು, ಸಾಕುವುದು ಎಲ್ಲವೂ ಅಪರಾಧ. ಪುನುಗು ಬೆಕ್ಕಂತೂ ಹೆಸರಿಗೆ ಮಾತ್ರ ಬೆಕ್ಕು, ಅದರ ಕುಲವೇ ಬೇರೆ. ಕಬ್ಬು ಕಡಿಯುವಾಗ ಸಿಗುವ ಮರಿಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಇದು ಆಗಾಗ ಆಗುವ ಗೊಂದಲ: ಚಿರತೆಯ ಮರಿಯನ್ನು ಬೆಕ್ಕಿನ ಮರಿಯೆಂದು ಮನೆಗೆ ತಂದವರಿದ್ದಾರೆ, ಕಾಡುಬೆಕ್ಕಿನ ಮರಿಯನ್ನು ಚಿರತೆಮರಿಯೆಂದು ಹೆದರಿ ಊರೆಲ್ಲ ಸೇರಿಸಿದವರೂ ಇದ್ದಾರೆ. ಯಾವುದೇ ಇರಲಿ, ಗದ್ದೆಯಲ್ಲಿ ಕಂಡ ಮರಿಯನ್ನು ಮುಟ್ಟದೆ ಕೆಲಸ ನಿಲ್ಲಿಸಿ ಅರಣ್ಯ ಇಲಾಖೆಯವರಿಗೆ ತಿಳಿಸಿ. ತಾಯಿ ಹತ್ತಿರದಲ್ಲಿಯೇ ಇರುತ್ತದೆ, ಕತ್ತಲಾದ ಮೇಲೆ ಬಂದು ಕಚ್ಚಿಕೊಂಡು ಹೋಗುತ್ತದೆ.

ನಾನು ಇವತ್ತು ಮಾತನಾಡುತ್ತಿರುವುದು ಮನೆಬೆಕ್ಕಿನ ಸಂತತಿಯ ಬಗ್ಗೆ, ನಮ್ಮ ಕಡೆ ‘ಕೊತ್ತಿ’ ಎನ್ನುತ್ತೇವಲ್ಲ, ಅದರ ಬಗ್ಗೆ. ಅದರಲ್ಲಿಯೂ ಒಂದು ಮನೆಯ ಒಲೆಯ ಪಕ್ಕ ಮಲಗುವುದು ಒಂದು ಬಗೆ. ನಾಲ್ಕು ಮನೆಯಲ್ಲಿ ಉಂಡು ಯಾರದೂ ಅಲ್ಲದೆ ಇರುವ ಊರಬೆಕ್ಕು ಇನ್ನೊಂದು ಬಗೆ. ಮನುಷ್ಯರ ಕೈ ಸೋಕದೆ ಹುಟ್ಟಿ ಬೆಳೆದು, ನಮ್ಮ ನೆರಳು ಕಂಡರೆ ಓಡುವ ಕಾಡುಬಿದ್ದ ಬೆಕ್ಕು ಮೂರನೆಯ ಬಗೆ. ಇವು ಮೂರು ಜಾತಿಗಳಲ್ಲ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮರಿಯನ್ನು ಯಾರು ಮುಟ್ಟಿದರು, ಯಾರೂ ಮುಟ್ಟಲಿಲ್ಲವೇ ಎಂಬುದರ ಮೇಲೆ ಅದರ ಸ್ವಭಾವ ಬಹುಪಾಲು ನಿಂತುಬಿಡುತ್ತದೆ. ಎರಡು ತಿಂಗಳೊಳಗಿನ ಮರಿಯನ್ನು ತಂದು ತಾಳ್ಮೆಯಿಂದ ಸಾಕಿದರೆ ಮಡಿಲಿಗೆ ಬರುತ್ತದೆ; ಅದೇ ಮರಿ ಆರು ತಿಂಗಳು ಆಲೆಮನೆಯ ಬೂದಿಗುಡ್ಡೆಯ ಬಳಿ ಬೆಳೆದರೆ ಆಮೇಲೆ ಎಷ್ಟು ಹಾಲೆರೆದರೂ ಕೈಗೆ ಸಿಗುವುದಿಲ್ಲ. ಮನೆಬೆಕ್ಕಿನ ಮಗಳು ಒಂದೇ ತಲೆಮಾರಿನಲ್ಲಿ ಕಾಡುಬೀಳುತ್ತಾಳೆ.

ಇನ್ನು ಸಂತಾನದ ಲೆಕ್ಕ. ಹೆಣ್ಣು ಬೆಕ್ಕು ಐದಾರು ತಿಂಗಳಿಗೆ ಬೆದೆಗೆ ಬರುತ್ತದೆ, ಕೆಲವು ನಾಲ್ಕೇ ತಿಂಗಳಿಗೆ. ಗರ್ಭದ ಅವಧಿ ಸುಮಾರು 63ರಿಂದ 65 ದಿನ. ಹಸುವಿನಂತೆ ಕಾಲಕ್ಕೆ ಸರಿಯಾಗಿ ಅಂಡ ಬಿಡುಗಡೆಯಾಗುವ ಪ್ರಾಣಿ ಇದಲ್ಲ. ಗಂಡು ಕೂಡಿದ ಪ್ರಚೋದನೆಯಿಂದಲೇ ಅಂಡ ಬಿಡುಗಡೆಯಾಗುವುದರಿಂದ ಗರ್ಭ ನಿಲ್ಲುವುದು ಹೆಚ್ಚು. ಒಂದೇ ಸೂಲಿನ ಮರಿಗಳಿಗೆ ಇಬ್ಬರು ಮೂವರು ತಂದೆಯರಿರುವುದೂ ಉಂಟು. ಮರಿಗಳು ಮೊಲೆ ಬಿಡುವ ಮೊದಲೇ ತಾಯಿ ಮತ್ತೆ ಗಬ್ಬವಾಗಬಲ್ಲದು.

ಒಂದು ಜೋಡಿಯಿಂದ ಏಳು ವರ್ಷದಲ್ಲಿ ಲಕ್ಷಾಂತರ ಬೆಕ್ಕು ಎಂದು ಮೊಬೈಲಿನಲ್ಲಿ ಓಡಾಡುವ ಲೆಕ್ಕವನ್ನು ನೀವು ನೋಡಿರಬಹುದು. ಅದನ್ನು ನಂಬಬೇಡಿ. ಹುಟ್ಟಿದ್ದೆಲ್ಲವೂ ಬದುಕಿದರೆ ಮಾತ್ರ ಆ ಲೆಕ್ಕ ಸರಿ, ಹುಟ್ಟಿದ್ದೆಲ್ಲ ಬದುಕುವುದಿಲ್ಲ. ಅಮೆರಿಕದಲ್ಲಿ ಒಡೆಯರಿಲ್ಲದ ಬೆಕ್ಕುಗಳ ಮರಿಗಳನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದರಲ್ಲಿ ಆರು ತಿಂಗಳು ತುಂಬುವುದರೊಳಗೆ ಸುಮಾರು ಮುಕ್ಕಾಲು ಪಾಲು ಸತ್ತಿದ್ದವು ಅಥವಾ ಕಾಣೆಯಾಗಿದ್ದವು. ನಾಯಿ, ವಾಹನ, ಹಸಿವು, ವಾಂತಿಭೇದಿ ತರುವ ವೈರಸ್ಸು, ಇವುಗಳ ಪಾಲು ಅದು. ನಮ್ಮೂರಿನ ಲೆಕ್ಕವನ್ನು ಅದೇ ಅಂದಾಜಿನಲ್ಲಿ ಹಾಕಿ ನೋಡಿ. ವರ್ಷಕ್ಕೆ ಎರಡು ಸೂಲು, ಸೂಲಿಗೆ ನಾಲ್ಕು ಮರಿ, ಒಟ್ಟು ಎಂಟು. ಆರು ಸಾಯುತ್ತವೆ, ಎರಡು ಉಳಿಯುತ್ತವೆ. ಉಳಿದ ಎರಡೇ ಊರಿನ ಬೆಕ್ಕಿನ ಸಂಖ್ಯೆಯನ್ನು ಏರಿಸಲು ಸಾಕು. ಆದರೆ ಪಶುವೈದ್ಯನಾಗಿ ನನ್ನ ಮನಸ್ಸು ಹೋಗುವುದು ಆ ಆರರ ಕಡೆಗೆ. ಕೊಲ್ಲಲಿಲ್ಲವೆಂಬ ಸಮಾಧಾನದಲ್ಲಿ ನಾವು ಬಿಟ್ಟುಬಂದ ಚೀಲದೊಳಗೆ ಆ ಆರೂ ಇರುತ್ತವೆ; ಅವುಗಳ ಸಾವು ನಿಧಾನ, ನಾವು ನೋಡುವುದಿಲ್ಲ ಅಷ್ಟೆ.

ಸಂಖ್ಯೆ ಏರುವ ಬಗೆಗೆ ಒಂದು ದೂರದ ಉದಾಹರಣೆ ಕೊಡುತ್ತೇನೆ. ದಕ್ಷಿಣ ಆಫ್ರಿಕಕ್ಕೆ ಸೇರಿದ, ಅಂಟಾರ್ಕ್ಟಿಕಾದ ದಾರಿಯಲ್ಲಿರುವ ಮೇರಿಯನ್ ದ್ವೀಪಕ್ಕೆ 1949ರಲ್ಲಿ, ಹವಾಮಾನ ಕೇಂದ್ರದ ಇಲಿಕಾಟಕ್ಕೆಂದು ಐದು ಬೆಕ್ಕುಗಳನ್ನು ಒಯ್ದರು. 1977ರ ಹೊತ್ತಿಗೆ ಅವು ಮೂರು ಸಾವಿರ ದಾಟಿದ್ದವು. ನೆಲದ ಬಿಲಗಳಲ್ಲಿ ಗೂಡು ಮಾಡುವ ಕಡಲಹಕ್ಕಿಗಳನ್ನು ತಿಂದು ಬೆಳೆದಿದ್ದವು. ಅವನ್ನು ತೆಗೆಯಲು ನಾನು ಈಗ ಹೇಳಿದ ವಾಂತಿಭೇದಿಯ ವೈರಸ್ಸನ್ನೇ ಬಿಟ್ಟರು, ಆಮೇಲೆ ಬಂದೂಕು, ಬೋನು, ವಿಷ. ಕೊನೆಯ ಬೆಕ್ಕು ಹೋಗುವಷ್ಟರಲ್ಲಿ 1991 ಬಂದಿತ್ತು. ಇಲಿಗಳು ಮಾತ್ರ ಅಲ್ಲಿಯೇ ಉಳಿದವು. ಸುತ್ತಲೂ ಸಮುದ್ರವಿದ್ದ, ಹೊಸ ಬೆಕ್ಕು ಒಂದೂ ಬರಲಾರದ ಜಾಗದಲ್ಲಿ ಕೊಂದು ಮುಗಿಸಲು ಹದಿನಾಲ್ಕು ವರ್ಷ ಹಿಡಿಯಿತು. ನಮ್ಮೂರಿಗೆ ಸುತ್ತಲೂ ಇರುವುದು ಸಮುದ್ರವಲ್ಲ, ಪಕ್ಕದೂರು.

ಅದಕ್ಕಾಗಿಯೇ ಕೊಲ್ಲುವ ದಾರಿ ಪಾಪಪುಣ್ಯದ ಮಾತನ್ನು ಬದಿಗಿಟ್ಟರೂ ಕೆಲಸಕ್ಕೆ ಬಾರದು. ಕೋಳಿ ಅಂಗಡಿಯ ತಿಪ್ಪೆಗೆ ಹತ್ತು ಬೆಕ್ಕನ್ನು ಸಾಕುವ ಶಕ್ತಿಯಿದ್ದರೆ, ನೀವು ಏಳನ್ನು ತೆಗೆದ ಆರು ತಿಂಗಳಿಗೆ ಅಲ್ಲಿ ಮತ್ತೆ ಹತ್ತು ಇರುತ್ತವೆ. ಉಳಿದ ಮೂರಕ್ಕೆ ಹೊಟ್ಟೆತುಂಬ ಸಿಗುವುದರಿಂದ ಅವುಗಳ ಮರಿಗಳು ಹೆಚ್ಚು ಬದುಕುತ್ತವೆ, ಪಕ್ಕದ ಬೀದಿಯವು ಖಾಲಿ ಜಾಗ ಹಿಡಿಯುತ್ತವೆ. ಬೇರೆ ಕಡೆಗೆ ಸಾಗಿಸುವುದೂ ಇದೇ ಕಥೆ, ಜೊತೆಗೆ ಗುರುತಿಲ್ಲದ ಜಾಗದಲ್ಲಿ ಅಲ್ಲಿನ ಬೆಕ್ಕುಗಳ ಕಚ್ಚಾಟ ಮತ್ತು ಉಪವಾಸ ಬೇರೆ. ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ತೊರೆಯುವುದೂ ಹಿಂಸೆಯೇ. ವಿಷವಿಟ್ಟು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಸೆಕ್ಷನ್ನಿನಲ್ಲಿ ಐದು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ.

ಹಾಗಾದರೆ ಊರಿಗೆ ಬೆಕ್ಕೇ ಬೇಡವೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಬೇಕು, ಆದರೆ ಎಷ್ಟು ಬೇಕು ಎಂಬುದೇ ಪ್ರಶ್ನೆ. ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಒಂದು ಇಲಿ ಒಂದು ರಾತ್ರಿ, ಹುಳು ಗೂಡು ಕಟ್ಟುವ ಚಂದ್ರಿಕೆಗೆ ಹತ್ತಿದರೆ ಎಷ್ಟು ನಷ್ಟವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಿಂಡಿ ಮೂಟೆಯ ಸುತ್ತ ಓಡಾಡುವ ಇಲಿಗೆ ಬೆಕ್ಕಿನ ವಾಸನೆಯೇ ಅರ್ಧ ಬೆದರಿಕೆ. ಆದರೂ ಬೆಕ್ಕಿನ ಮೇಲೆ ಇಲ್ಲದ ಪರಾಕ್ರಮವನ್ನು ಹೇರುವುದು ಬೇಡ. ಬಲಿತ ಹೆಗ್ಗಣವನ್ನು ಎದುರಿಸುವ ಬೆಕ್ಕು ಅಪರೂಪ, ಹೆಗ್ಗಣ ಎದುರು ನಿಂತರೆ ಬೆಕ್ಕು ಮುಖ ತಿರುಗಿಸಿ ತನಗೇನೂ ಕಾಣಲಿಲ್ಲವೆಂಬಂತೆ ಹೋಗುವುದನ್ನು ನಾನೇ ಕೊಟ್ಟಿಗೆಯಲ್ಲಿ ನಿಂತು ನೋಡಿದ್ದೇನೆ. ಗದ್ದೆಯ ಬದುವಿನಲ್ಲಿ ಜಿಂಕ್ ಫಾಸ್ಫೈಡ್ ಇಡುವವರು ಇನ್ನೊಂದು ಮಾತು ಗಮನಿಸಬೇಕು: ವಿಷ ತಿಂದು ತೂರಾಡುವ ಇಲಿ ಬೆಕ್ಕಿಗೆ ಸುಲಭದ ಬೇಟೆ, ಇಲಿಯ ಹೊಟ್ಟೆಯಲ್ಲಿ ಉಳಿದ ವಿಷ ಬೆಕ್ಕನ್ನೂ ತೆಗೆಯುತ್ತದೆ. ಸತ್ತ ಇಲಿಗಳನ್ನು ಬೆಳಿಗ್ಗೆಯೇ ಆಯ್ದು ಹೂಳದಿದ್ದರೆ ಇಲಿ ಹಿಡಿಯುತ್ತಿದ್ದ ಒಳ್ಳೆಯ ಬೆಕ್ಕೇ ಮೊದಲು ಹೋಗುತ್ತದೆ. ವಿಷದ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ, ವಿಷಯದಿಂದ ತುಸು ಆಚೆಯಾದರೂ ಸರಿ: ಬೆಕ್ಕಿಗೆ ಜ್ವರವೆಂದು ಪ್ಯಾರಸಿಟಮಾಲ್ ಅರೆದು ಹಾಕಬೇಡಿ, ಅರ್ಧ ಮಾತ್ರೆಯೇ ಅದರ ಜೀವ ತೆಗೆಯಬಹುದು. ಹಸುವಿನ ಉಣ್ಣೆಗೆ ಹೊಡೆಯುವ ಔಷಧಿಯನ್ನು ಬೆಕ್ಕಿನ ಚಿಗಟಕ್ಕೆ ಹಚ್ಚಬೇಡಿ. ಈ ಎರಡು ತಪ್ಪಿನಿಂದ ನನ್ನ ಮೇಜಿನ ಮೇಲೆ ಸತ್ತ ಬೆಕ್ಕುಗಳು ಬಹಳ, ತಂದವರೆಲ್ಲರೂ ಪ್ರೀತಿಯಿಂದಲೇ ಹಾಗೆ ಮಾಡಿದ್ದರು.

ಕುರಿ ಮೇಕೆ ಇರುವವರಿಗೆ ಇನ್ನೊಂದು ಕಾರಣವೂ ಇದೆ. ಟೊಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ತನ್ನ ಜೀವನಚಕ್ರವನ್ನು ಪೂರೈಸುವುದು ಬೆಕ್ಕಿನ ಕರುಳಿನಲ್ಲಿ. ಬೆಕ್ಕು ಮೆದೆಯ ಮೇಲೋ ಮೇವಿನ ರಾಶಿಯಲ್ಲೋ ಮಲವಿಟ್ಟು, ಆ ಮೇವನ್ನು ಗಬ್ಬದ ಕುರಿ ತಿಂದರೆ ಕಂದು ಹಾಕಬಹುದು, ಅಂದರೆ ಗರ್ಭಪಾತವಾಗಬಹುದು. ಮಳವಳ್ಳಿ ಕಡೆಯ ಬಂಡೂರು ಕುರಿ ಸಾಕಿದವರಿಗೆ ಒಂದು ಮರಿಯ ಬೆಲೆ ಗೊತ್ತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಏನೆಂದರೆ, ಈ ಜೀವಿಯನ್ನು ಹೇರಳವಾಗಿ ಹೊರಹಾಕುವುದು ಮೊದಲ ಸಲ ಸೋಂಕು ತಗುಲಿದ ಬೆಕ್ಕು, ಅಂದರೆ ಹೆಚ್ಚಾಗಿ ಎಳೆಯ ಬೆಕ್ಕು, ಅದೂ ಒಂದರಿಂದ ಮೂರು ವಾರ ಮಾತ್ರ. ಆಮೇಲೆ ಅದಕ್ಕೆ ಬಹುಮಟ್ಟಿನ ನಿರೋಧ ಬರುತ್ತದೆ. ಆದ್ದರಿಂದ ಪ್ರತಿ ವರ್ಷ ಹೊಸ ಮರಿಗಳ ಹಿಂಡೇ ಹುಟ್ಟುತ್ತಿರುವ ಊರಿಗಿಂತ, ಮರಿ ಹಾಕದ ನಾಲ್ಕಾರು ವಯಸ್ಸಾದ ಬೆಕ್ಕುಗಳಿರುವ ಊರಿನಲ್ಲಿ ಕುರಿಗೂ ಬಸುರಿಗೂ ಅಪಾಯ ಕಡಿಮೆ. ಬಸುರಿಯರು ಬೆಕ್ಕಿನ ಗಲೀಜು ಬಳಿಯಬಾರದು, ಮಣ್ಣಿನ ಕೆಲಸದ ಮೇಲೆ ಕೈ ತೊಳೆಯಬೇಕು. ಬೆಕ್ಕನ್ನು ಕಂಡೇ ಹೆದರಬೇಕಾಗಿಲ್ಲ. ರೇಬೀಸ್ ಹೆಚ್ಚಾಗಿ ನಾಯಿಯಿಂದ ಬರುತ್ತದೆಂಬುದು ನಿಜ, ಆದರೆ ಬೆಕ್ಕು ಕಚ್ಚಿದರೂ ಪರಚಿದರೂ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅರಿಸಿನ ಮೆತ್ತಿಕೊಂಡು ಕುಳಿತುಕೊಳ್ಳುವುದಲ್ಲ.

ಈಗ ಮಾಡಬೇಕಾದದ್ದು. ಜಗತ್ತಿನ ಬೇರೆ ಬೇರೆ ಕಡೆ ನಡೆದು ಬಂದಿರುವ ಕ್ರಮ ಸರಳ: ಬೆಕ್ಕನ್ನು ಬೋನಿನಲ್ಲಿ ಹಿಡಿಯುವುದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ರೇಬೀಸ್ ಲಸಿಕೆ ಹಾಕಿಸುವುದು, ಹಿಡಿದ ಜಾಗಕ್ಕೇ ತಂದು ಬಿಡುವುದು. ನಮ್ಮ ದೇಶದಲ್ಲಿ 2001ರಲ್ಲಿ ಬಂದ ಜನನ ನಿಯಂತ್ರಣ ನಿಯಮಗಳ ಹೆಸರಿನಲ್ಲಿಯೇ ‘ನಾಯಿ’ ಎಂಬ ಪದವಿತ್ತು; ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳ ಹೆಸರು ಬರೀ ಪ್ರಾಣಿ ಜನನ ನಿಯಂತ್ರಣ ನಿಯಮಗಳು. ಹೆಸರು ಬದಲಾದರೂ ನಮ್ಮ ಕಡೆ ಈ ಕೆಲಸ ಎಂದರೆ ಇನ್ನೂ ಬೀದಿನಾಯಿಯೇ ಎಲ್ಲರ ಕಣ್ಣ ಮುಂದೆ ಬರುವುದು. ಬೆಕ್ಕಿನ ಬಗ್ಗೆ ಯಾರಾದರೂ ಬಂದು ಮಾಡಿಕೊಡುತ್ತಾರೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಆರಂಭ ಬೋನಿನಿಂದಲ್ಲ, ನೋಟ್‌ಬುಕ್ಕಿನಿಂದ. ಇಬ್ಬರು ಹುಡುಗರು ಎರಡು ವಾರ ಸಂಜೆ ಹೊತ್ತು ಬೀದಿ ಬೀದಿ ನೋಡಿ, ಬಣ್ಣ ಮತ್ತು ಗುರುತಿನೊಡನೆ ಬರೆದುಕೊಳ್ಳಲಿ. ಬಿಳಿ, ಕಪ್ಪು, ಕೆಂಚು ಮೂರೂ ಬಣ್ಣ ಒಂದೇ ಮೈಮೇಲಿದ್ದರೆ ಅದು ಹೆಣ್ಣೆಂದು ಬರೆದುಕೊಳ್ಳಿ, ತಪ್ಪುವುದು ಸಾವಿರಕ್ಕೆ ಒಂದೂ ಇಲ್ಲವೆನ್ನುವಷ್ಟು ಅಪರೂಪ. ಪೂರಾ ಕೆಂಚು ಬೆಕ್ಕುಗಳಲ್ಲಿ ಗಂಡು ಹೆಚ್ಚು. ಕೆನ್ನೆ ಊದಿದಂತೆ ಅಗಲ ಮುಖದ, ಕಿವಿ ಹರಿದುಕೊಂಡ ಬೆಕ್ಕು ಕಂಡರೆ ಅದು ಬಲಿತ ಮಾಳ, ಅಂದರೆ ಗಂಡು ಬೆಕ್ಕು. ಯಾವ ಮನೆಯಲ್ಲಿ ಹೆಣ್ಣು ಬೆಕ್ಕಿದೆ, ಯಾರು ದಿನವೂ ಅನ್ನ ಹಾಕುತ್ತಾರೆ, ಯಾವ ಅಂಗಡಿ ಕೋಳಿಯ ಕರುಳು ಎಲ್ಲಿ ಎಸೆಯುತ್ತದೆ ಎಂಬುದೂ ಅದೇ ಪುಸ್ತಕದಲ್ಲಿರಲಿ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತಿನಲ್ಲಿ ಏಳು ಎಂಬ ಲೆಕ್ಕ ಹೆಚ್ಚು ಕಡಿಮೆಯಾದರೂ ಅದು ಜಾಗ ಬದಲಿಸುವುದಂತೂ ನಿಜ. ಒಂದೇ ಮರಿಗಳನ್ನು ಮೂರು ಬೀದಿಯಲ್ಲಿ ಮೂರು ಸಲ ಎಣಿಸುವ ತಪ್ಪನ್ನು ಎಲ್ಲರೂ ಮಾಡುತ್ತಾರೆ.

ಎರಡನೆಯದು ಆಹಾರ. ನಮ್ಮ ಬೀಗರೂಟದ ಮಾರನೆಯ ದಿನ ಛತ್ರದ ಹಿಂದೆ ಹೋಗಿ ನೋಡಿ. ಬಾಡೂಟವನ್ನು ನಿಲ್ಲಿಸಿ ಎಂದು ಮಂಡ್ಯದಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ, ಮೂಳೆಯನ್ನು ಗುಂಡಿ ತೋಡಿ ಮುಚ್ಚಿ ಎಂದಷ್ಟೇ ಹೇಳುತ್ತೇನೆ. ಕೋಳಿ ಅಂಗಡಿಯ ಕಸಕ್ಕೆ ಮುಚ್ಚಳದ ಡ್ರಮ್ಮು ಕಡ್ಡಾಯ ಮಾಡುವುದು ಗ್ರಾಮ ಪಂಚಾಯಿತಿಯ ಕೈಯಲ್ಲಿಯೇ ಇದೆ. ಇದೊಂದನ್ನು ಮಾಡದೆ ಎಷ್ಟು ಶಸ್ತ್ರಚಿಕಿತ್ಸೆ ಮಾಡಿಸಿದರೂ ಹೊರಗಿನ ಬೆಕ್ಕು ಬರುತ್ತಲೇ ಇರುತ್ತದೆ. ದಯೆಯಿಂದ ಅನ್ನ ಹಾಕುವವರು ನಿಲ್ಲಿಸಬೇಕಾಗಿಲ್ಲ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಹಾಕಿ, ಅರ್ಧ ಗಂಟೆಯಲ್ಲಿ ಉಳಿದದ್ದನ್ನು ತೆಗೆದುಬಿಟ್ಟರೆ ಅವರೇ ನಮ್ಮ ದೊಡ್ಡ ನೆರವು. ಹೊತ್ತು ಗೊತ್ತಾದ ಬೆಕ್ಕನ್ನು ಹಿಡಿಯುವುದು ಸುಲಭ.

ಬೋನನ್ನು ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಮಾಡಿಸಬಹುದು. ಎರಡೂವರೆ ಮೂರು ಅಡಿ ಉದ್ದ, ಬೆಕ್ಕು ಒಳಗೆ ಹೋಗಿ ತುಳಿದರೆ ಹಿಂದಿನ ಬಾಗಿಲು ಬೀಳುವ ಹಲಗೆ, ಕಾಲು ಸಿಕ್ಕದಷ್ಟು ಸಣ್ಣ ಕಣ್ಣಿನ ಜಾಲರಿ, ಅಂಚುಗಳನ್ನು ಉಜ್ಜಿ ನುಣುಪು ಮಾಡಿರಬೇಕು. ಹಿಂದಿನ ದಿನ ಅನ್ನ ಹಾಕದೆ, ಹಲಗೆಯ ಆಚೆಗೆ ಎರಡು ಒಣಮೀನು ಇಟ್ಟು ದೂರ ನಿಲ್ಲಿ. ಬಾಗಿಲು ಬಿದ್ದ ಕೂಡಲೇ ಬೆಕ್ಕು ನಾಲ್ಕೂ ಕಡೆ ಎಗರುತ್ತದೆ. ಆ ಕ್ಷಣದಲ್ಲಿ ಮಾಡಬೇಕಾದ ಒಂದೇ ಕೆಲಸವೆಂದರೆ ಹಳೆಯ ಪಂಚೆಯೊಂದನ್ನು ಬೋನಿನ ಮೇಲೆ ಪೂರಾ ಹೊದಿಸುವುದು. ಕತ್ತಲಾದೊಡನೆ ಒಳಗಿನ ಸದ್ದು ನಿಲ್ಲುತ್ತದೆ. ಬೋನಿಟ್ಟು ಮನೆಗೆ ಹೋಗಿ ಮಲಗುವವರಿಗೆ ಬೋನು ಕೊಡಲೇಬೇಡಿ, ಬೆಳಗಿನ ಬಿಸಿಲಿಗೆ ಸಿಕ್ಕ ಬೆಕ್ಕು ಬೋನಿನೊಳಗೇ ಸಾಯುತ್ತದೆ. ಅಕಸ್ಮಾತ್ ಕಾಡುಬೆಕ್ಕೋ ಪುನುಗೋ ಸಿಕ್ಕಿದರೆ ಫೋಟೋಗೆ ನಿಲ್ಲದೆ ಬಾಗಿಲು ತೆಗೆಯಿರಿ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಹಳ್ಳಿಯಲ್ಲಿ ಹೀಗೆಯೇ ಮೆದೆಯ ಪಕ್ಕ ಬೂದುಬಣ್ಣದ ಹೆಣ್ಣು ಬೆಕ್ಕನ್ನು ಹಿಡಿದೆ. ಆ ಕಾಲಕ್ಕೆ ಬೆಕ್ಕಿಗೆ ಶಸ್ತ್ರಚಿಕಿತ್ಸೆ ಮಾಡುವವರು ನನ್ನನ್ನು ಬಿಟ್ಟರೆ ನಮ್ಮ ಕಡೆ ಇರಲಿಲ್ಲವೆಂಬ ಹೆಮ್ಮೆಯೂ ನನಗಿತ್ತು. ಕೆಲಸ ಚೆನ್ನಾಗಿ ಆಯಿತು. ಹೊಲಿಗೆ ನೋಡಿಕೊಳ್ಳಲೆಂದು ಎರಡು ರಾತ್ರಿ ನನ್ನ ಮನೆಯ ಜಗಲಿಯಲ್ಲಿಟ್ಟುಕೊಂಡು ಮೂರನೆಯ ದಿನ ತಂದು ಬಿಟ್ಟೆ. ಬಿಟ್ಟ ಕೂಡಲೇ ಅದು ಮೆದೆಯೊಳಗೆ ನುಗ್ಗಿತು, ಹೊರಬಂತು, ಮತ್ತೆ ನುಗ್ಗಿತು. ಆ ಮನೆಯ ಅವ್ವ ಒಳಗಿಂದ ಒಂದು ಮೊರ ತಂದು ನನ್ನ ಮುಂದಿಟ್ಟರು. ಮೊರದಲ್ಲಿ ನಾಲ್ಕು ಮರಿಗಳು, ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಒಂದರ ಬಾಯಲ್ಲಿ ಹುಲ್ಲಿನ ಎಳೆ ಸಿಕ್ಕಿಕೊಂಡಿತ್ತು. “ಡಾಕ್ಟ್ರೇ, ಹಸ ನೋಡಕ್ ಬಂದ್ರೆ ಮೊದ್ಲು ಕೆಚ್ಲು ಮುಟ್ ನೋಡ್ತೀರಿ. ಕೊತ್ತಿ ಮೊಲೆ ಯಾಕ್ ನೋಡ್ಲಿಲ್ಲ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅಂದಿನಿಂದ ಹಿಡಿದ ಪ್ರತಿ ಹೆಣ್ಣು ಬೆಕ್ಕಿನ ಹೊಟ್ಟೆಯನ್ನು ಜಾಲರಿಯ ಕೆಳಗಿನಿಂದ ನೋಡುತ್ತೇನೆ. ಮೊಲೆತೊಟ್ಟು ಕೆಂಪಾಗಿ ಉಬ್ಬಿ, ಸುತ್ತಲ ಕೂದಲು ಸವೆದಿದ್ದರೆ ಎಲ್ಲೋ ಮರಿಗಳಿವೆ ಎಂದರ್ಥ. ಆಗ ಒಂದೋ ಬಾಗಿಲು ತೆರೆದು ಬಿಟ್ಟು, ಮರಿಗಳು ತಾವೇ ತಿನ್ನತೊಡಗುವ ಒಂದೂವರೆ ಎರಡು ತಿಂಗಳವರೆಗೆ ಕಾಯಬೇಕು. ಇಲ್ಲವೇ ಬೆಳಿಗ್ಗೆ ಮೊದಲ ಸರದಿಯಲ್ಲಿಯೇ ಪಕ್ಕೆಯ ಕಡೆಯಿಂದ ಶಸ್ತ್ರಚಿಕಿತ್ಸೆ ಮಾಡಿ, ಅರಿವಳಿಕೆ ಪೂರಾ ಇಳಿದದ್ದನ್ನು ನೋಡಿಕೊಂಡು ಅದೇ ಸಂಜೆ ತಂದು ಬಿಡಬೇಕು.

ಸಾಮಾನ್ಯ ಬೆಕ್ಕುಗಳಿಗೆ ಇಷ್ಟು ಅವಸರ ಬೇಡ. ಗಂಡಿಗೆ ಒಂದು ದಿನ, ಹೆಣ್ಣಿಗೆ ಎರಡು ದಿನ ನೋಡಿಕೊಂಡರೆ ಸಾಕು. ಬಲಿತ ಬೆಕ್ಕಿಗೆ ಹಿಂದಿನ ರಾತ್ರಿಯಿಂದ ಆಹಾರ ಕೊಡಬಾರದು, ಮರಿಗಳನ್ನು ಅಷ್ಟು ಹೊತ್ತು ಉಪವಾಸ ಕೆಡವಬಾರದು. ಅರಿವಳಿಕೆಯಲ್ಲಿ ಮೈಬಿಸಿ ಬೇಗ ಇಳಿಯುವುದರಿಂದ ಬೆಚ್ಚಗಿಡಬೇಕು. ಹೆಣ್ಣಿಗೆ ಅಂಡಾಶಯ ಗರ್ಭಕೋಶ ಎರಡನ್ನೂ ತೆಗೆಯುತ್ತೇವೆ, ಚರ್ಮದೊಳಗೇ ಕರಗುವ ದಾರದಿಂದ ಹೊಲಿಯುತ್ತೇವೆ. ಕಾಡುಬಿದ್ದ ಬೆಕ್ಕನ್ನು ಹೊಲಿಗೆ ಬಿಚ್ಚಲೆಂದು ಎರಡನೆಯ ಸಲ ಹಿಡಿಯಲಾಗುವುದಿಲ್ಲವಲ್ಲ. ಅರಿವಿಲ್ಲದಿರುವಾಗಲೇ ಎಡಕಿವಿಯ ತುದಿಯನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ನೇರವಾಗಿ ಕತ್ತರಿಸುತ್ತೇವೆ. ನೋಡಲು ಚೆಂದವಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ದೂರದಿಂದ ಗುರುತು ಹಿಡಿಯಲು ಬೇರೆ ಉಪಾಯವಿಲ್ಲ. ಗುರುತಿಲ್ಲದಿದ್ದರೆ ಒಂದೇ ಹೆಣ್ಣು ಬೆಕ್ಕಿನ ಹೊಟ್ಟೆಯನ್ನು ಎರಡನೆಯ ಸಲ ಕೊಯ್ದು, ಒಳಗೆ ಏನೂ ಇಲ್ಲವೆಂದು ಕಂಡುಕೊಳ್ಳಬೇಕಾಗುತ್ತದೆ.

ಹತ್ತರಲ್ಲಿ ಮೂರಕ್ಕೆ ಮಾಡಿಸಿ, ಫೋಟೋ ತೆಗೆಸಿ, ಮುಂದಿನ ವರ್ಷ ನೋಡೋಣ ಎಂದರೆ ಖರ್ಚು ಮಾಡಿದ ಹಣವೆಲ್ಲ ನೀರಿಗೆ ಹೋಮ. ಒಂದು ಜಾಗದ ಬೆಕ್ಕುಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚಿಗೆ, ಅದೂ ಒಂದೆರಡು ತಿಂಗಳೊಳಗೆ ಆಗದಿದ್ದರೆ ಸಂಖ್ಯೆ ಇಳಿಯುವುದಿಲ್ಲ; ಮಾಡಿಸದೆ ಬಿಟ್ಟ ಮೂರ್ನಾಲ್ಕು ಹೆಣ್ಣು ಬೆಕ್ಕುಗಳೇ ಜಾಗ ತುಂಬುತ್ತವೆ. ಇಡೀ ಊರಿಗೆ ಹಣ ಸಾಲದಿದ್ದರೆ ಒಂದು ಬೀದಿಯನ್ನು ಪೂರಾ ಮುಗಿಸಿ, ಆಮೇಲೆ ಮುಂದಿನ ಬೀದಿಗೆ ಹೋಗಿ. ಹೆಣ್ಣು ಮೊದಲು. ಒಂದು ಮಾಳ ಬಾಕಿ ಉಳಿದರೂ ಊರಿನ ಹೆಣ್ಣು ಬೆಕ್ಕುಗಳಿಗೆಲ್ಲ ಅದೊಂದೇ ಸಾಕು.

ಹೆಣ್ಣು ಮೊದಲು ಎಂದಾಗ ನಾನು ಹೇಳುತ್ತಿರುವುದು ತಿಪ್ಪೆಯ ಬೆಕ್ಕಿಗಿಂತ ಮೊದಲು ನಿಮ್ಮ ಮನೆ ಬೆಕ್ಕಿನ ಮಾತು. ಅದನ್ನು ಹಿಡಿಯಲು ಬೋನು ಬೇಡ, ಒಂದು ಮುಚ್ಚಳದ ಬುಟ್ಟಿ ಸಾಕು. ನಾಲ್ಕೈದು ತಿಂಗಳಾಗಿ ಎರಡು ಕೆ.ಜಿ. ತೂಗಿದರೆ ಮಾಡಿಸಬಹುದು, ಒಂದು ಸೂಲು ಆಗಲೇಬೇಕೆಂಬ ನಂಬಿಕೆಗೆ ಆಧಾರವಿಲ್ಲ. ಆದರೂ ಮನೆಯ ಹೆಂಗಸರು, ಅದಕ್ಕೂ ಮಕ್ಕಳ ಆಸೆ ಇರುವುದಿಲ್ಲವೇ, ಪಾಪ ಬರುವುದಿಲ್ಲವೇ ಎಂದು ಕೇಳುತ್ತಾರೆ. ಅವರ ಸಂಕಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅವರ ಯಜಮಾನರಿಗೆ ಒಂದು ಮಾತು ಕೇಳುತ್ತೇನೆ: ಹಳ್ಳಿಕಾರ್ ಹೋರಿಗಳಿಗೆ ಬೀಜ ಒಡೆಸಿ ನೇಗಿಲಿಗೆ ಕಟ್ಟುತ್ತಾ ಬಂದ ಮನೆತನ ನಮ್ಮದು. ಅರಿವಳಿಕೆಯೇ ಇಲ್ಲದ ಕಾಲದಲ್ಲಿ ಅದು ನಡೆಯಿತು. ನಮ್ಮ ಉಪಯೋಗಕ್ಕಾಗಿ ಮಾಡಿದಾಗ ಬಾರದ ಪಾಪ, ಬೆಕ್ಕಿನ ಆರು ಮರಿಗಳ ಸಾವು ತಪ್ಪಿಸಲು ಮಾಡಿದಾಗ ಎಲ್ಲಿಂದ ಬರುತ್ತದೆ?

ಈ ಕ್ರಮದಿಂದ ಆಗದೇ ಇರುವುದನ್ನೂ ಹೇಳಬೇಕು. ಸಂತಾನಹರಣವಾದ ಬೆಕ್ಕು ಬೇಟೆ ಬಿಡುವುದಿಲ್ಲ. ಕೂಗಾಟ, ಕಚ್ಚಾಟ, ಮೂತ್ರದ ಘಾಟು ವಾಸನೆ ಕಡಿಮೆಯಾಗುತ್ತದೆ, ಕೋಳಿಪಿಳ್ಳೆಯ ಆಸೆ ಕಡಿಮೆಯಾಗುವುದಿಲ್ಲ. ಪಿಳ್ಳೆಗಳಿಗೆ ರಾತ್ರಿ ಜಾಲರಿಯ ಗೂಡು ಬೇಕೇ ಬೇಕು. ಹಾಗೆಯೇ ಎಲ್ಲ ಜಾಗಕ್ಕೂ ಬೆಕ್ಕನ್ನು ಹಿಂದಕ್ಕೆ ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ, ಕೆಳಗೆ ಬಿದ್ದ ಮರಿಗಳನ್ನು ಊರಿನವರು ಎತ್ತಿ ಸಾಕಿ ಬಿಡುತ್ತಾರೆ. ಅಂಥ ಊರಿನ ಮರದಡಿಯಲ್ಲಿ, ರಂಗನತಿಟ್ಟಿನ ಸುತ್ತಲ ದಡದಲ್ಲಿ ಬೆಕ್ಕಿಗೆ ಅನ್ನ ಹಾಕುವುದು ದಯೆಯಲ್ಲ. ಅಲ್ಲಿ ಹಿಡಿದ ಮರಿಗಳನ್ನು ಪಳಗಿಸಿ ಮನೆಗಳಿಗೆ ಕೊಡಬೇಕು. ಪಳಗದ ಬಲಿತ ಬೆಕ್ಕನ್ನು, ನೋಡಿಕೊಳ್ಳಲು ಒಪ್ಪಿದವರ ಕಣದ ಮನೆಯಲ್ಲೋ ಗೋದಾಮಿನಲ್ಲೋ ಎರಡು ಮೂರು ವಾರ ಕೂಡಿಹಾಕಿ, ಜಾಗ ರೂಢಿಯಾದ ಮೇಲೆ ಬಿಡಬೇಕು. ಚೀಲ ಬಿಚ್ಚಿ ಓಡಿಹೋಗುವುದಕ್ಕೂ ಇದಕ್ಕೂ ವ್ಯತ್ಯಾಸ ಆ ಮೂರು ವಾರದ್ದು.

ಕಾರ್ಯದರ್ಶಿಗಳು ಖರ್ಚಿನ ಮಾತು ಕೇಳಿದ್ದಾರೆ. ಎರಡು ಬೋನು, ಒಂದು ನೋಟ್‌ಬುಕ್ಕು, ತಿಂಗಳಿಗೆ ಒಂದು ದಿನ ವೈದ್ಯರ ಸಮಯ, ಔಷಧಿ ಮತ್ತು ದಾರ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲೇ ಮಾತನಾಡಿಕೊಂಡು, ಹಸುಗಳ ದಟ್ಟಣೆಯಿಲ್ಲದ ಒಂದು ವಾರದ ದಿನವನ್ನು ಗೊತ್ತು ಮಾಡಿಕೊಳ್ಳಿ. ಹತ್ತು ಬೆಕ್ಕನ್ನು ಒಂದೇ ದಿನ ತರುತ್ತೇವೆಂದು ಹೋಗಬೇಡಿ, ಮೂರು ನಾಲ್ಕು ಸಾಕು. ಮೊದಲ ದಿನದ ಬೆಕ್ಕುಗಳನ್ನು ಬಿಡುವಾಗ ನಾನೂ ಬರುತ್ತೇನೆ. ಕತ್ತಲಾಗುವ ಮೊದಲು, ಹಿಡಿದ ಜಾಗದಲ್ಲಿಯೇ, ಬೋನಿನ ಬಾಯಿ ರಸ್ತೆಯ ಕಡೆಗಿರದೆ ಮೆದೆಯ ಕಡೆಗಿರುವಂತೆ ಇಡಿ. ನಾಯಿಗಳನ್ನು ಆಚೆಗೆ ಅಟ್ಟಿ, ಮಕ್ಕಳನ್ನು ಹಿಂದಕ್ಕೆ ನಿಲ್ಲಿಸಿ, ಪಂಚೆಯನ್ನು ಬಾಗಿಲ ಕಡೆಯಿಂದ ಮಾತ್ರ ಸರಿಸಿ. ಬೆಕ್ಕು ತಕ್ಷಣ ಹೊರಬರದಿದ್ದರೆ ಬೋನನ್ನು ಅಲುಗಾಡಿಸಬೇಡಿ. ಅದು ಮೊದಲು ಮೂಸಿ, ಜಾಗ ತನ್ನದೇ ಎಂದು ಗುರುತು ಹಿಡಿದುಕೊಂಡು, ಆಮೇಲೆ ಒಂದೇ ನೆಗೆತಕ್ಕೆ ಹುಲ್ಲಿನೊಳಗೆ ಹೋಗುತ್ತದೆ.